ಹಿತ್ತಲ ಬಾಗಿಲ ಸುದ್ದಿ

ನೀಲವ್ವ ಕಸದ ಕೈಗಾಡಿಯನ್ನು ಓಣಿಯ ನಡುವೆಯೇ ಬಿಟ್ಟು ನೇಕಾರ ಓಣಿಯತ್ತ ಓಡಿದಳು. ಹೊನ್ನವ್ವ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು.

"ಹೊನ್ನಕ್ಕ, ಲಗೂ ನಡೀರಿ. ನಿಮ್ಮವ್ವ ನಸುಕಿನ್ಯಾಗ ತೀರಿಕೊಂಡ್ರು."

ಹೊನ್ನವ್ವನ ಕೈಯಿಂದ ಚರಿಗೆ ಜಾರಿತು. "ಅಪ್ಪ ಹೇಳಿ ಕಳಿಸ್ಯಾನೇನು?"

"ಇಲ್ರಿ. ಕಸಕ್ಕಂತ ಅವರ ಹಿತ್ತಲಕ ಹೋದಾಗ ಒಳಗ ಅಳೂದು ಕೇಳ್ತು. ನಾನಽ ಓಡಿ ಬಂದೆ."

"ಹಂಗಾರ ಹ್ಯಾಂಗ ಬರ್ಲಿ? ನನ್ನ ಹೊಸ್ತಿಲಾ ತುಳೀಬ್ಯಾಡ ಅಂದಾನ."

"ಒಂದು ಸರ್ತಿ ಅವ್ವನ ಮಾರಿ ನೋಡ್ರಿ," ಎಂದಳು ನೀಲವ್ವ. "ಆಮ್ಯಾಲ ನೋಡೂನಂದ್ರ ಸಿಗೂದಿಲ್ಲ."

*

ನರಗುಂದದ ಹತ್ತಿ ವ್ಯಾಪಾರಿ ತೋಟಪ್ಪನ ಮನೆಯಲ್ಲಿ ಆಳುಕಾಳಿಗೆ ಕೊರತೆ ಇರಲಿಲ್ಲ. ಆದರೂ ಅವನ ಹೆಂಡತಿ ಶೇಖವ್ವ ಒಲೆಯ ಬೂದಿಯನ್ನು ತಾನೇ ಹಿತ್ತಲ ಬಾಗಿಲಿಗೆ ತರುತ್ತಿದ್ದಳು. ಅತ್ತೆಗೆ ಕಸದ ಮೇಲೂ ಆಸೆ ಎಂದು ಸೊಸೆ ಚನ್ನವ್ವ ನಗುತ್ತಿದ್ದಳು.

ಊರು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಮಗಳು ಹೊನ್ನವ್ವ ನೇಕಾರರ ಈಶಪ್ಪನ ಕೈಹಿಡಿದು ಹೋಗಿದ್ದಳು. ಆಕೆಯ ಹೆಸರು ಈ ಮನೆಯಲ್ಲಿ ಎತ್ತಕೂಡದೆಂದು ತೋಟಪ್ಪ ಹೇಳಿಬಿಟ್ಟಿದ್ದ. ಆದರೆ ಎರಡೂ ಓಣಿಯ ಕಸ ಎತ್ತುವವಳು ನೀಲವ್ವನೇ.

"ಆ ಓಣಿಂದ ಬಂದೇನಽ?" ಎಂದು ಶೇಖವ್ವ ಮೊದಲ ಸಲ ಕೇಳಿದಾಗ ಬೂದಿಬುಟ್ಟಿ ಹಿಡಿದೇ ಒಳಮನೆಯತ್ತ ಒಮ್ಮೆ ತಿರುಗಿ ನೋಡಿದ್ದಳು.

"ಹೌದ್ರಿ. ಅರಾಮ ಅದಾರ. ಮೆಂತೇಪಲ್ಯೆ ಮಾಡ್ಯಾರ, ಕಡ್ಡಿ ಒಗದಿದ್ರು."

"ಮೆಂತೇನ? ಸಣ್ಣಾಕಿದ್ದಾಗ ಮಾರಿ ತಿರುವುತಿದ್ಲು!"

ಅಂದಿನಿಂದ ದಿನಾ ಇಂಥದೇ ಮಾತು. ಕಸದಲ್ಲಿ ಹುಣಸೆಕಾಯಿಯ ಸಿಪ್ಪೆ ಹೆಚ್ಚಾದ ಸುದ್ದಿ ಕೇಳಿ ಶೇಖವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಅತ್ತಳು. ಹೆರಿಗೆಯಾದಾಗ ಬಾಣಂತಿಗೆಂದು ಅಂಟಿನುಂಡಿಯ ಗಂಟು ತಂದಳು.

"ನಾ ಮುಟ್ಟಿದ್ದು ತಿಂತಾರೇನ್ರಿ?"

"ನನ್ನ ಮಗಳು ತಿಂತಾಳ," ಎಂದ ಶೇಖವ್ವ ಎಂದಿನಂತೆ ಮೇಲಿನಿಂದ ಹಾಕಲಿಲ್ಲ, ಕೈಗೇ ಕೊಟ್ಟಳು. ಆಮೇಲೆ ಜಕ್ಕಲಿ ಊರಿಗೆ ಕೊಟ್ಟ ನೀಲವ್ವನ ಮಗಳ ಯೋಗಕ್ಷೇಮವನ್ನೂ ಕೇಳತೊಡಗಿದಳು. ಹಾಗೆ ಕೇಳುವವರು ತೋಟಪ್ಪನ ಓಣಿಯಲ್ಲಿ ಇನ್ನೊಬ್ಬರಿರಲಿಲ್ಲ.

*

ತೋಟಪ್ಪನ ಮನೆಯ ಮುಂದೆ ಭಜನೆ ನಡೆದಿತ್ತು. ಹಣೆತುಂಬ ವಿಭೂತಿ ಹಚ್ಚಿ ಶೇಖವ್ವನನ್ನು ಸಮಾಧಿಗೆ ಹೊತ್ತೊಯ್ಯುವ ಹೂವಿನ ವಿಮಾನದಲ್ಲಿ ಕೂಡಿಸಿದ್ದರು. ಕೂಸನ್ನು ಎತ್ತಿಕೊಂಡ ಹೊನ್ನವ್ವ ಬರುತ್ತಲೇ ಜನ ಸರಿದು ನಿಂತರು.

"ಇಕಿಗೆ ಯಾರು ಹೇಳಿದ್ರು?" ಚನ್ನವ್ವ ಕೇಳಿದಳು.

"ನಾನ್ರೀ," ಎಂದಳು ನೀಲವ್ವ. "ದಿನಾ ಅವ್ವಗ ಇವರ ಸುದ್ದಿ ಹೇಳ್ತಿದ್ದೆ. ಇವತ್ತ ಇವರಿಗೆ ಅವ್ವನ ಸುದ್ದಿ ಹೇಳಿದೆ."

ತೋಟಪ್ಪ ತಲೆ ಎತ್ತಿದ. "ದಿನಾ?"

"ಹೌದ್ರಿ ಯಜಮಾನ್ರ. ಬೂದಿ ಚೆಲ್ಲಾಕ ಬಂದಾಗ."

ತೋಟಪ್ಪ ಹೆಂಡತಿಯ ಮುಖದತ್ತ ತಿರುಗಿದ. "ನನ್ನ ಮುಂದ ಒಂದ ಮಾತ ಆಡ್ಲಿಲ್ಲ," ಎಂದ, ಅವಳಿಗೇ ಹೇಳುವವನಂತೆ. "ನನಗೂ ಕೇಳಬೇಕನಸ್ತಿತ್ತು. ಯಾರನ್ನ ಕೇಳಬೇಕಿತ್ತು?"

ಹೊನ್ನವ್ವ ಕೂಸನ್ನು ನೀಲವ್ವನ ತೋಳಿಗೆ ಹಾಕಿ, ತಾಯಿಯ ಪಾದ ತಬ್ಬಿ ಬಿದ್ದಳು. ಯಾರೋ "ಅಯ್ಯ!" ಎಂದರು. ಎರಡು ವರ್ಷ ಸುದ್ದಿ ಹೊತ್ತು ತಿರುಗಿದ್ದರೂ ನೀಲವ್ವ ಆ ಕೂಸನ್ನು ಎತ್ತಿಕೊಂಡದ್ದು ಇದೇ ಮೊದಲು. ಅದು ಅವಳ ಗಾಜಿನ ಬಳೆ ಹಿಡಿದು ಎಳೆಯತೊಡಗಿತು.

ವಿಮಾನ ಎತ್ತುವ ಹೊತ್ತಾಯಿತು. ತೋಟಪ್ಪ ಎದ್ದು ಬಂದದ್ದನ್ನು ಕಂಡು ನೀಲವ್ವ ಹಿಂದೆ ಸರಿದು ಕೂಸನ್ನು ನೆಲಕ್ಕಿಳಿಸಲು ಬಾಗಿದಳು.

"ಕೆಳಗ ಇಳಸಬ್ಯಾಡ," ಎಂದ ತೋಟಪ್ಪ. "ಇಲ್ಲೆ ಕೊಡು."

ಅವಳ ಕೈಯಿಂದಲೇ ಎತ್ತಿಕೊಂಡು ಮೆರವಣಿಗೆಯ ಜೊತೆ ನಡೆದ. ಕೂಸು ಅಜ್ಜನ ಹೆಗಲ ಮೇಲಿಂದ ಹಿಂದಕ್ಕೆ ಮುಖ ಮಾಡಿ, ಅಷ್ಟು ಜನರ ನಡುವೆ ಆ ಬಳೆಯವಳನ್ನು ಹುಡುಕಿ, ಕೈಚಾಚಿ ಅಳತೊಡಗಿತು. ನೀಲವ್ವ ತಲೆಗೆ ಸೆರಗೆಳೆದುಕೊಂಡು, ಅದಕ್ಕೆ ತನ್ನ ಮುಖ ಕಾಣುವಷ್ಟು ಹತ್ತಿರದಲ್ಲಿ ನಡೆದಳು.