ಸೊಂಟದ ಮಟ್ಟದ ಸಮುದ್ರ

ನನ್ನ ದೊಡ್ಡಮ್ಮ ಸಮುದ್ರಕ್ಕೆ ಬೆನ್ನು ಹಾಕಿಕೊಂಡೇ ಇಳಿಯುತ್ತಾಳೆ. ಕಾಲಿಗೆ ಬಾತುಕೋಳಿಯ ಪಾದದಂಥ ರಬ್ಬರಿನ ರೆಕ್ಕೆ ತೊಟ್ಟವರು ಮುಂದಕ್ಕೆ ನಡೆದರೆ ಮುಗ್ಗರಿಸುತ್ತಾರೆಂಬುದು ಅದಕ್ಕಿರುವ ಶಾಸ್ತ್ರೀಯ ಕಾರಣ. ಮುಂದಕ್ಕೇ ನಡೆದು, ದಡದಲ್ಲಿದ್ದ ಸಮಸ್ತ ಪ್ರವಾಸಿಗರ ಸಮ್ಮುಖದಲ್ಲಿ ಉದ್ದಕ್ಕೆ ಮಲಗಿದ ನಾನೇ ಅದಕ್ಕೆ ಜೀವಂತ ಪುರಾವೆ. ಆದರೆ ಅವಳ ಹಿಮ್ಮುಖ ನಡಿಗೆಯಲ್ಲಿ ಕಾರಣವನ್ನು ಮೀರಿದ ಒಂದು ಗಾಂಭೀರ್ಯವಿತ್ತು: ಕತ್ತು ನೇರ, ತೋಳುಗಳು ಮೈಗಂಟಿ, ದೃಷ್ಟಿ ದಡದ ಮೇಲೆಯೇ ನೆಟ್ಟು, ಅಲೆಗಳು ಬೆನ್ನಿಗೆ ಬಡಿದು ಚದುರುತ್ತಿದ್ದರೂ ಒಮ್ಮೆಯೂ ತಿರುಗಿ ನೋಡದೆ, ನೀರೇ ಬಂದು ಎತ್ತಿಕೊಳ್ಳುವವರೆಗೆ ಹಾಗೇ ಸರಿಯುತ್ತಿದ್ದಳು.

ಅವಳು ನನ್ನ ಅಮ್ಮನ ಅಕ್ಕ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳಿಗೆ ಅರಿವಳಿಕೆ ಕೊಟ್ಟು ಮಲಗಿಸುವ ವೈದ್ಯೆಯಾಗಿದ್ದು ಈಗ ನಿವೃತ್ತಳು. ಆ ವೃತ್ತಿ ಅವಳಿಗೊಂದು ವಿಚಿತ್ರ ಅಭ್ಯಾಸವನ್ನು ಉಳಿಸಿಹೋಗಿದೆ: ಮಾತಾಡುವಾಗ ಎದುರಿನವರ ಮುಖವನ್ನಲ್ಲ, ಎದೆಯ ಏರಿಳಿತವನ್ನು ನೋಡುತ್ತಾಳೆ. "ಯಾಕೋ, ಉಸಿರು ಮೇಲ್ಮೇಲೆ ಆಡ್ತಿದೆ? ಆಫೀಸಿಂದ ಫೋನ್ ಬಂತಾ?" ಎಂದು ಕೇಳಿದರೆ ಅದು ಸಾಮಾನ್ಯವಾಗಿ ಬಂದೇ ಇರುತ್ತದೆ. ಆಸ್ಪತ್ರೆಯ ಹಳೆಯ ಬಿಳಿ ಕೋಟನ್ನು ಬಿಸಿಲಿಗೆಂದು ದ್ವೀಪಕ್ಕೂ ತಂದಿದ್ದಳು. ದಿನ ಕಳೆದಂತೆ ಅದರ ಜೇಬುಗಳಲ್ಲಿ ಚಿಪ್ಪುಗಳು ತುಂಬಿ, ಅವಳು ಹೋಟೆಲಿನ ಪಡಸಾಲೆಯಲ್ಲಿ ನಡೆದರೆ ಯಾರೋ ಗಾಜಿನ ಬಳೆಯಂಗಡಿಯನ್ನು ಹೊತ್ತು ಹೋದಂತೆ ಸದ್ದಾಗುತ್ತಿತ್ತು.

ನಾನು ಒಂದು ಕಂಪನಿಯಲ್ಲಿ ಗ್ರಾಹಕರ ದೂರು ಕೇಳುವ ವಿಭಾಗದವನು. ಮೇಲಧಿಕಾರಿಯ ಕಾಲು ಹಿಡಿಯುವುದೊಂದು ಬಾಕಿಯೆಂಬಂತೆ ಗೋಗರೆದು ರಜೆ ಗಿಟ್ಟಿಸಿಕೊಂಡು, ದೊಡ್ಡಮ್ಮ ಮತ್ತು ಅಮ್ಮನ ಜೊತೆ ಆ ದ್ವೀಪಕ್ಕೆ ಹೋಗಿದ್ದು ಸ್ನಾರ್ಕೆಲಿಂಗ್‌ಗಾಗಿ. ಅಂದರೆ ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ ಧರಿಸಿ, ಬಾಯಲ್ಲೊಂದು ಕೊಳವೆ ಕಚ್ಚಿ, ನೀರಿನ ಮೇಲೆ ಬೋರಲಾಗಿ ತೇಲುತ್ತ ಕೆಳಗಿನ ಲೋಕವನ್ನು ನೋಡುವುದು. ಗಾಜು ಮಂಜಾಗದಿರಲು ಅದರೊಳಗೆ ಉಗಿದು ತೊಳೆಯಬೇಕಂತೆ. "ಚೆನ್ನಾಗಿ ಉಗಿಯೋ, ನಾಚಿಕೆ ಬೇಡ," ಎಂದಳು ದೊಡ್ಡಮ್ಮ. ಉಗಿಸಿಕೊಳ್ಳುವುದಕ್ಕೇ ಸಂಬಳ ಪಡೆಯುವ ನನಗೆ, ಉಗಿಯುವ ಭಾಗ್ಯ ಒದಗಿದ್ದು ಆವತ್ತೇ ಮೊದಲು.

ಮೊದಲ ದಿನ ದೋಣಿಯವನು ಕರೆದೊಯ್ದ ಜಾಗವನ್ನು ನಾನು ಸಾಯುವವರೆಗೆ ಮರೆಯಲಾರೆ. ಮುಖ ಮುಳುಗಿಸಿದ ಕ್ಷಣವೇ ಜಗತ್ತಿನ ಗದ್ದಲ ಕಡಿದುಹೋಗಿ, ಕೆಳಗೆ ಹವಳದ ಮಹಾನಗರವೊಂದು ನೇರಳೆ, ಹಳದಿ, ಬೂದು ಬಣ್ಣದ ಗೋಪುರಗಳೊಡನೆ ತೆರೆದುಕೊಂಡು, ಅದರಾಚೆ ನೆಲವೇ ಮುಗಿದು, ಬೆಳಕಿನ ಕೋಲುಗಳು ಇಳಿದಿಳಿದು ಕರಗುವ ಅಪಾರ ನೀಲಿಯೊಂದು ಉಸಿರಾಡುತ್ತಿತ್ತು. ಮೀನುಗಳು ಹವಳವನ್ನು ಕಟಕಟನೆ ಕಡಿಯುವುದು ಕೂಡ ಕೇಳಿಸುತ್ತಿತ್ತು. ಮೇಲೆ ಬಂದು ನಾನು ಮಾತು ಹುಡುಕುತ್ತಿದ್ದರೆ ದೊಡ್ಡಮ್ಮ ಮುಖವಾಡ ಹಣೆಗೇರಿಸಿ, "ಅದ್ಭುತವಾಗಿದೆ. ಆದ್ರೆ ಆಗಲ್ಲ," ಎಂದು ದೋಣಿಯವನ ಕಡೆ ತಿರುಗಿದಳು. "ಏನಪ್ಪಾ, ಹೊರಡೋವಾಗ ಕೇಳಿದೆನಲ್ಲ, ಅಲ್ಲಿ ನಿಲ್ಲೋಕಾಗುತ್ತಾ ಅಂತ?"

"ನಿಂತಿದೆಯಲ್ಲಮ್ಮ! ಸಂಜೆವರೆಗೂ ಬೇಕಾದ್ರೂ ನಿಲ್ಲುತ್ತೆ," ಎಂದು ಅವನು ದೋಣಿಯ ಲಂಗರಿನ ಹಗ್ಗ ತೋರಿಸಿದ.

"ದೋಣಿ ಅಲ್ಲಪ್ಪ, ಮನುಷ್ಯರು."

"ಸಮುದ್ರದಲ್ಲಿ ನಿಂತ್ಕೊಳ್ಳೋಕೆ ಯಾರಮ್ಮ ಬರ್ತಾರೆ? ನಿಲ್ಲೋ ಆಸೆ ಇದ್ರೆ ಬಸ್‌ಸ್ಟ್ಯಾಂಡ್ ಇದೆಯಲ್ಲ!"

ಹೀಗೆ ಅವಳು ಕೊಲ್ಲಿಯೊಂದನ್ನು, ಬಂಡೆಸಾಲೊಂದನ್ನು, ಆಮೆಗಳು ದಿನವೂ ಮೇಯಲು ಬರುವ ಕಡಲಹುಲ್ಲಿನ ಬಯಲೊಂದನ್ನು, ಒಂದಾದ ಮೇಲೊಂದರಂತೆ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ ನಿರಾಕರಿಸುತ್ತ ಹೋದಳು. ಆಮೆಯ ಬಯಲನ್ನೂ ಬೇಡವೆಂದಾಗ ನನಗೆ ರೇಗಿಹೋಯಿತು. "ನಿನಗೆ ಮೀನಿನ ಹಾಗೆ ಈಜು ಬರುತ್ತೆ, ನಿಲ್ಲೋ ಜಾಗ ಕಟ್ಕೊಂಡು ಏನು ಮಾಡ್ತೀಯ ದೊಡ್ಡಮ್ಮ?"

"ನನಗಲ್ವೋ ದಡ್ಡ," ಎಂದು ದಡದತ್ತ ನೋಡಿದಳು. ಅಲ್ಲಿ ಅಮ್ಮ ಛತ್ರಿ ಹಿಡಿದು, ನಮ್ಮ ಮೂವರ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಕೊಂಡು ಕೂತಿದ್ದಳು. ಬಂದ ದಿನದಿಂದ ಅವಳದು ಒಂದೇ ಮಾತು: "ನೀವು ಹೋಗ್ಬನ್ನಿ, ನಾನು ಚಪ್ಪಲಿ ಕಾಯ್ತೀನಿ." ಚಿಕ್ಕಂದಿನಲ್ಲಿ ಕೆರೆಯ ಮೆಟ್ಟಿಲಲ್ಲಿ ಜಾರಿ ಮುಳುಗಿದ ಅಮ್ಮನನ್ನು ಜಡೆ ಹಿಡಿದು ಮೇಲೆಳೆದವಳು ದೊಡ್ಡಮ್ಮನೇ. ಅಂದಿನಿಂದ ಅಮ್ಮ ಮುಖಕ್ಕೆ ನೀರು ಎರಚಿಕೊಂಡಿಲ್ಲ; ಇಂದಿಗೂ ಒದ್ದೆಬಟ್ಟೆಯಿಂದ ಒರೆಸಿಕೊಳ್ಳುತ್ತಾಳೆ. ಅದನ್ನು ಅವಳ ಒಂದು ಚಾಳಿಯೆಂದಷ್ಟೇ ತಿಳಿದು ಬೆಳೆದ ನನಗೆ, ದೊಡ್ಡಮ್ಮನ ಆಯ್ಕೆಯ ಹಿಂದಿನ ತರ್ಕ ಆಗ ಹೊಳೆಯಿತು. ಅವಳಿಗೆ ಬೇಕಿದ್ದದ್ದು ಸೊಂಟದ ಮಟ್ಟದ ನೀರು, ಕಾಲಿಗೆ ಮರಳು, ಬಗ್ಗಿದರೆ ಕಣ್ಣಿಗೆ ಹವಳ. ಹವಳಕ್ಕೆ ಜೀವವಿದೆ, ಅದರ ಮೇಲೆ ಕಾಲಿಡುವಂತಿಲ್ಲ. ಮರಳಿರುವಲ್ಲಿ ಹವಳ ವಿರಳ. ಹಾಗಾಗಿ ಅವಳು ಹುಡುಕುತ್ತಿದ್ದದ್ದು ಸಮುದ್ರದಲ್ಲಿ ಬಹುಶಃ ಇಲ್ಲದ ಜಾಗವನ್ನು.

ಬೆಳಗಾದರೆ ಕೋಟು ತೊಟ್ಟು, ಆಸ್ಪತ್ರೆಯ ವಾರ್ಡಿನಲ್ಲಿ ನಡೆದಂತೆ ತುಸು ಮುಂದಕ್ಕೆ ಬಾಗಿ, ಅಲೆ ಬಿಟ್ಟುಹೋದ ಗೆರೆಯನ್ನೇ ಹಿಡಿದು ಹೊರಡುತ್ತಿದ್ದಳು. ದೂರದಲ್ಲಿ ಬಿಳಿನೊರೆಯ ಸಾಲು ಕಂಡರೆ, ಅಲೆ ಅಲ್ಲೇ ಒಡೆಯುತ್ತದೆ, ಒಳಗಡೆ ನೀರು ಶಾಂತ ಎನ್ನುವಳು. ನೀರಿನ ಕಪ್ಪು ಮಚ್ಚೆಗೆ ಅಂಚು ಚೂಪಾಗಿದ್ದರೆ ಹವಳ, ಕಲಸಿದಂತಿದ್ದರೆ ಹುಲ್ಲು. ಅನೇಕ ಸಲ ತಪ್ಪುತ್ತಲೂ ಇದ್ದಳು. ಹವಳವೆಂದು ನನ್ನನ್ನು ಇಳಿಸಿದ ಒಂದು ಕಡೆ ಸಿಕ್ಕಿದ್ದು ಲಾರಿಯ ಟೈರುಗಳ ರಾಶಿ.

ಹೊರಡುವ ಹಿಂದಿನ ದಿನ, ಪಾಳುಬಿದ್ದ ಐಸ್ ಕಾರ್ಖಾನೆಯ ಹಿಂದೆ, ಯಾವ ಪ್ರವಾಸಿಗನೂ ತಲೆ ಹಾಕದ ಕಡೆ, ಅವಳು ತಟ್ಟನೆ ಕುಕ್ಕರಿಸಿ ಕೂತಳು. ಅಂಗೈಯಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಚಿಪ್ಪು. "ನೋಡೋ, ಒಡೆದಿಲ್ಲ. ಇದನ್ನ ಒಡೀದೆ ದಡಕ್ಕೆ ತರೋ ನೀರು ನಿಮ್ಮಮ್ಮನ್ನ ಏನು ಮಾಡುತ್ತೆ?" ಮುಖವಾಡ ಹಾಕಿ ಇಳಿದು ನೋಡಿದರೆ, ಎರಡು ಹವಳದ ದಿಬ್ಬಗಳ ನಡುವೆ ಓಣಿಯಂತೆ ಹಾಯ್ದ ಬಿಳಿಯ ಮರಳು!

ಅಮ್ಮನನ್ನು ಅಲ್ಲಿಗೆ ಇಳಿಸುವುದೇ ಒಂದು ಪ್ರಕರಣವಾಯಿತು.

"ಈ ವಯಸ್ಸಲ್ಲಿ ನನಗೆ ಇದೆಲ್ಲ ಬೇಕೇನೇ ಅಕ್ಕ?"

"ಮೀನುಗಳು ವಯಸ್ಸು ಕೇಳಲ್ಲ, ಬಾರೇ."

"ಕೈ ಬಿಡಬೇಡ."

"ಬಿಡಲ್ಲ."

ಅಮ್ಮ ಮುಖ ಮುಳುಗಿಸುವುದು, ಕೆಮ್ಮುತ್ತ ಏಳುವುದು, ಮತ್ತೆ ಮುಳುಗಿಸುವುದು. ಕೊನೆಗೆ ಕೊಳವೆ ಉಗುಳಿ, "ಸಾಕು, ನನ್ನಿಂದಾಗಲ್ಲ," ಎಂದಳು. ದೊಡ್ಡಮ್ಮ ಒತ್ತಾಯಿಸಲಿಲ್ಲ. ತಂಗಿಯ ಎದೆಯ ಏರಿಳಿತವನ್ನೇ ನೋಡುತ್ತ ನಿಂತಳು. ಉಸಿರು ಹದಕ್ಕೆ ಬಂದ ಮೇಲೆ ಅಮ್ಮ ತಾನಾಗಿಯೇ ಕೊಳವೆ ಕಚ್ಚಿ ಬಗ್ಗಿದಳು. ಒಳಗೆಳೆದ ಉಸಿರನ್ನು ಮಾತ್ರ ಹಿಡಿದೇ ಇಟ್ಟಿದ್ದಳು. ದೊಡ್ಡಮ್ಮ ಕಿವಿಯ ಬಳಿ ಬಾಗಿ, ಮೇಜಿನ ಮೇಲೆ ಮಲಗಿದ ಅದೆಷ್ಟು ರೋಗಿಗಳಿಗೆ ಹೇಳಿದ್ದಳೋ ಅದೇ ದನಿಯಲ್ಲಿ, "ಬಿಡು… ಬಿಡು…" ಎಂದಳು.

ಅವಳು ಹೇಳಿದ್ದು ಉಸಿರನ್ನು. ಅಮ್ಮ ಬಿಟ್ಟದ್ದು ಕೈಯನ್ನು.

ಬರಿದಾದ ಅಂಗೈಯನ್ನು ನೀರಿನಲ್ಲಿ ಹಾಗೇ ಚಾಚಿಕೊಂಡು ದೊಡ್ಡಮ್ಮ ಕಲ್ಲಾದಳು. ಆದರೆ ಕೊಳವೆಯಿಂದ ಒಂದು ದೀರ್ಘ ನಿಶ್ವಾಸ ಹೊರಟಿತು, ಆಮೇಲೆ ಇನ್ನೊಂದು. ಅಮ್ಮನ ಕಾಲುಗಳು ಮರಳನ್ನು ಬಿಟ್ಟು ಮೆಲ್ಲನೆ ಮೇಲೆದ್ದವು. ಹಳದಿ ಪಟ್ಟೆಯ ಸಣ್ಣ ಮೀನುಗಳು ಅವಳನ್ನು ಪರಿಚಯದವರಂತೆ ಸುತ್ತುವರಿದವು, ಮತ್ತು ನನ್ನನ್ನು ಹೆತ್ತ ಆ ಪುಕ್ಕಲು ಜೀವ, ಬಿಸಿಲು ಜಾಲರಿ ನೇಯ್ದ ನೀರಿನ ಮೇಲೆ, ಭಾರವೇ ಇಲ್ಲದವಳಂತೆ ತೇಲಿತು. ಎದ್ದು ನಿಂತಾಗ ಅವಳ ಕಣ್ಣುಗಳು ಮುಖವಾಡದಷ್ಟೇ ಅಗಲವಾಗಿದ್ದವು. "ಅಕ್ಕ, ಕೆಳಗೆ ಇಷ್ಟೊಂದು ಜನ ಇದ್ದಾರಲ್ಲೇ!"

"ಕೈ ಯಾಕೆ ಬಿಟ್ಟೆ?"

"ನೀನೇ ಬಿಡು ಅಂದೆಯಲ್ಲ!" ಎಂದವಳು ಉತ್ತರಕ್ಕೆ ಕಾಯದೆ ಮತ್ತೆ ಮುಳುಗಿದಳು.

ಅಗಾಧವಾದದ್ದರ ಎದುರು ಬೆರಗಾಗುವುದು ನನ್ನಂಥವನಿಗೂ ಬರುತ್ತದೆ; ಅದಕ್ಕೆ ಒಂದು ರಜೆ, ಒಂದು ಮುಖವಾಡ ಸಾಕು. ಆದರೆ ಆ ಬೆರಗಿನ ನಡುವೆಯೂ, ಅದೇ ಅಗಾಧಕ್ಕೆ ಅಂಜಿ ದೂರ ಕೂತ ಒಬ್ಬರನ್ನು ನೆನೆದು, ಅವರ ಅಳತೆಯ ಬಾಗಿಲೊಂದು ಎಲ್ಲಾದರೂ ಇರಲೇಬೇಕೆಂದು ನಂಬಿ ಅರಸುವವರು ಕೆಲವರಿರುತ್ತಾರೆ. ಅವರು ಬೇಡವೆಂದದ್ದನ್ನು ಮಾತ್ರ ಲೆಕ್ಕವಿಟ್ಟು ನಾವು ಅವರನ್ನು ಹಟಮಾರಿಗಳೆನ್ನುತ್ತೇವೆ. ಬಾಗಿಲು ತೆರೆದ ಮೇಲೆ ಅವರಿಗೊಂದು ಮೆಚ್ಚುಗೆಯ ಮಾತಾಡಲು ಹೊರಗೆ ಯಾರೂ ಉಳಿದಿರುವುದಿಲ್ಲ; ಎಲ್ಲರೂ ಒಳಗೆ ಹೋಗಿಬಿಟ್ಟಿರುತ್ತಾರೆ.