ಲೆಕ್ಕಕ್ಕಿಲ್ಲದ ಏಳು ವರ್ಷ

‘ಒಂದು ಕಿಲೋ ಮೇಲಕ್ಕೆ ಒಯ್ಯೋಕೆ ಎಷ್ಟು ಅಂತ ಲೆಕ್ಕ ಹಾಕಿ. ಆಗ ನಾವೇ ಅಗ್ಗ,’ ಎಂದರು ನಿರ್ದೇಶಕರು, ಅವಳ ಕೋಷ್ಟಕದಿಂದ ಕಣ್ಣೆತ್ತದೆ. ‘ಒಟ್ಟು ಖರ್ಚು ತೋರಿಸಿದ್ರೆ ಮಾನ ಹೋಗುತ್ತೆ.’

ಕೋಷ್ಟಕದ ಎಡಗಡೆ ಬಾಹ್ಯಾಕಾಶ ಇಲಾಖೆಯ ದೊಡ್ಡ ರಾಕೆಟ್: ಹದಿನೆಂಟು ವರ್ಷ, ಆರು ಸಾವಿರ ಕೋಟಿ. ಬಲಗಡೆ ಖಾಸಗಿಯವರ ಪುಟ್ಟ ರಾಕೆಟ್: ನಾಲ್ಕು ವರ್ಷ, ನೂರೈವತ್ತು ಕೋಟಿ. ಆನೆಯನ್ನೂ ಆಡನ್ನೂ ಒಂದೇ ತಕ್ಕಡಿಗೆ ಹಾಕುವ ಕೆಲಸ ಅವಳದು. ಎಂಜಿನಿಯರಾಗಿ ಸೇರಿದವಳು ಈಗ ವೆಚ್ಚ ವಿಶ್ಲೇಷಕಿ. ಬಡ್ತಿ ಎಂದರೆ ಇದೇ ಎಂದು ಆಗ ಎಲ್ಲರೂ ಹೇಳಿದ್ದರು.

ಬಲಗಡೆಯ ಅಂಕಿಗಳನ್ನು ಖಾತ್ರಿ ಮಾಡಿಕೊಳ್ಳಲು ಮಧ್ಯಾಹ್ನ ಖಾಸಗಿಯವರ ಶೆಡ್ಡಿಗೆ ಹೋದಳು. ಅಲ್ಲಿನ ಯಜಮಾನ ಒಂದು ಕಾಲಕ್ಕೆ ಅವಳ ಕೈಕೆಳಗಿದ್ದವನು. ಈಗಲೂ ಕುರ್ಚಿ ಒರೆಸಿಕೊಟ್ಟ.

ಮೇಜಿನ ಮೇಲೆ ಅಂಗೈಯಗಲದ ಇಂಧನದ ವಾಲ್ವ್. ನೋಡಿದೊಡನೆ ಗುರುತು ಸಿಕ್ಕಿತು. ಅವಳದೇ ವಿನ್ಯಾಸ. ಏಳು ವರ್ಷ, ಮೂರು ಸ್ಫೋಟ. ‘ಈ ಪರೀಕ್ಷೆಯೊಂದು ಮುಗಿಯಲಿ’ ಎಂದು ಪ್ರತಿ ವರ್ಷ ಗಂಡನಿಗೆ ಹೇಳಿದ್ದಳು; ಆರನೆಯ ವರ್ಷ ಅವನು ಮಗುವಿನ ಮಾತೆತ್ತುವುದನ್ನೇ ಬಿಟ್ಟ.

‘ಇದರ ಅಭಿವೃದ್ಧಿ ವೆಚ್ಚ ಸೊನ್ನೆ ಅಂತ ಬರೆದಿದೀಯ.’

‘ರೆಡಿಯಾಗೇ ಸಿಕ್ತಲ್ಲ ಮೇಡಂ. ಇಲಾಖೆಯೋರೇ ಡ್ರಾಯಿಂಗ್ ಕೊಟ್ರು.’

‘ಸೊನ್ನೆ.’

‘ಬೇಕಾದ್ರೆ ನಿಮ್ಮ ಹೆಸರು ಗೋಡೆ ಮೇಲೆ ಬರೆಸ್ತೀನಿ,’ ಎಂದು ನಕ್ಕ. ಆಮೇಲೆ ದನಿ ತಗ್ಗಿಸಿದ: ‘ಇಲ್ಲಿಗೇ ಬಂದ್ಬಿಡಿ ಮೇಡಂ.’

‘ಏನು ಕೆಲಸಕ್ಕೆ?’

‘ಇದೇ. ಲೆಕ್ಕ ನೋಡ್ಕೊಳ್ಳೋಕೆ.’

‘ನೋಡೋಣ,’ ಎಂದಳು. ನೋಡೋಣ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು.

ಕಚೇರಿಗೆ ಮರಳಿ ಎಡಗಡೆಯ ಸಾಲುಗಳನ್ನು ತಡಕಿದಳು. ವಾಲ್ವಿನ ಖರ್ಚು ಅಲ್ಲೂ ಇರಲಿಲ್ಲ.

‘ಅದು ಹಳೇ ಯೋಜನೇದು,’ ಎಂದರು ನಿರ್ದೇಶಕರು. ‘ಅದರ ತಲೆಗೇ ಕಟ್ಟಿ ಫೈಲು ಮುಚ್ಚಿದ್ದಾಯ್ತು. ಈಗ ಕೆದಕಿದ್ರೆ ನಮ್ಮ ಖರ್ಚೇ ಉಬ್ಬೋದು.’

‘ಒಂದು ಅಡಿಟಿಪ್ಪಣಿ, ಸರ್?’

‘ಯಾರು ಓದ್ತಾರಮ್ಮ?’

ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅಳು ಬರಬೇಕಿತ್ತು ಎನ್ನಿಸಿತು. ಬಂದದ್ದು ಆಕಳಿಕೆ. ಕಿಲೋ ಲೆಕ್ಕದ ಕೋಷ್ಟಕಕ್ಕೆ ಸಹಿ ಹಾಕಿದಳು.

ಸಂಜೆ ಹೊರಬೀಳುವ ದಾರಿಯಲ್ಲಿ ಎರಡು ಗಾಜಿನ ಬಾಗಿಲು. ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೆಯುವುದು. ಹಿಂದಿನದು ಮುಚ್ಚಿತು. ಮುಂದಿನದು ತೆರೆಯಲಿಲ್ಲ. ಆಚೆ, ಬಾಗಿಲಿನ ಗುಂಡಿ ಒತ್ತಬೇಕಾದ ಕಾವಲುಗಾರ ಇತ್ತ ಬೆನ್ನು ಮಾಡಿ, ಗಂಟುಬಿದ್ದ ಬೂಟಿನ ದಾರ ಬಿಡಿಸುತ್ತ ಕೂತಿದ್ದ. ತಟ್ಟಲೆಂದು ಕೈಯೆತ್ತಿದಳು. ಯಾವ ಕಡೆಯದನ್ನು ತೆರೀಲಿ ಎಂದು ಅವನು ಕೇಳಿದರೆ ಏನು ಹೇಳುವುದೆಂದು ಹೊಳೆಯದೆ, ಅಂಗೈಯನ್ನು ಗಾಜಿಗೆ ಒತ್ತಿ ಹಾಗೇ ನಿಂತಳು. ಅವಳ ಉಸಿರು ಗಾಜಿನ ಮೇಲೆ ಮಂಜುಕಟ್ಟುತ್ತ ಮೊದಲು ಕಾವಲುಗಾರನ ಬೆನ್ನನ್ನು, ಆಮೇಲೆ ರಸ್ತೆಯನ್ನು ಅಳಿಸಿತು.