ಆರು ವರ್ಷದಾಚೆಯ ಸರದಿ

೧

“ಸ್ಕೂಲಿನ ಮೆಟ್ಟಿಲು ಹತ್ತೋಕಾಗ್ದೆ ಓಡಿಬಂದೋನು ಇವ್ನು. ನನ್ನ ಕಾಲು ಮೇಲೇಳಲ್ಲ ಅಂತಾನೆ, ನೋಡ್ರೋ!”

ಹೀಗೆ ಶುರು ಮಾಡಬಹುದೇ? ಬೈಗುಳದಿಂದ ಶುರುವಾದ ಕಥೆಯಲ್ಲಿ ಓದುವವರು ಬೈಸಿಕೊಂಡವನ ಕಡೆ ವಾಲುತ್ತಾರೆ. ನನಗೆ ಬೇಕಾದ್ದೂ ಅದೇ. (ಇದು ಮೋಸ. ಗೊತ್ತಿದ್ದೇ ಮಾಡುತ್ತಿದ್ದೇನೆ.)

ಬಯ್ದವನು ಲಮಾಂಟ್ ಗಿಲ್ಯಾರ್ಡ್, ಟೊಲಿಡೊ ಫರ್ನೇಸ್ ಬಾಸ್ಕೆಟ್‌ಬಾಲ್ ತಂಡದ ನಾಯಕ. ಹನ್ನೊಂದು ವರ್ಷದಿಂದ ಈ ಊರಿನವರು ಮಕ್ಕಳಿಗೆ ಅವನ ಹೆಸರಿಡುತ್ತಿದ್ದಾರೆ. ಬೈಸಿಕೊಂಡವನು ನಾನು, ಕಾರ್ವರ್ ಟಿಬ್ಸ್. ಅದೇ ತಂಡದ ವಿಡಿಯೊ ರೂಮಿನಲ್ಲಿ ಕೂತು, ಆಡಿದ ಆಟಗಳನ್ನು ತುಂಡು ತುಂಡು ಮಾಡಿ ಕೋಚ್‌ಗಳಿಗೆ ಕೊಡುವವನು. ಸುತ್ತ ಹದಿನಾಲ್ಕು ಆಟಗಾರರು, ನಾಲ್ವರು ಕೋಚ್‌ಗಳು. ಎಲ್ಲರೂ ನಕ್ಕರು. ಸಣ್ಣಗೆ ನಕ್ಕಿದ್ದರೆ ಮರೆಯುತ್ತಿದ್ದೆನೇನೋ, ತೊಡೆ ತಟ್ಟಿಕೊಂಡು ನಕ್ಕರು.

೨

ಬಯ್ಯಲು ಕಾರಣ ಇತ್ತು ಅಂತ ಬರೆಯಲು ಕೈ ಬರುತ್ತಿಲ್ಲ. ಆದರೂ ಇತ್ತು.

ಬೆಳಿಗ್ಗೆ ಅಭ್ಯಾಸಕ್ಕೆ ಮೊದಲು ಎಲ್ಲರೂ ಕತ್ತಲೆ ಕೋಣೆಯಲ್ಲಿ ಕೂತು ಹಿಂದಿನ ಆಟದ ತುಣುಕುಗಳನ್ನು ನೋಡುವುದು ನಮ್ಮಲ್ಲಿ ರೂಢಿ. ಯಾರು ತಪ್ಪು ಮಾಡಿದ್ದಾನೋ ಅವನ ತಪ್ಪನ್ನು ಗೋಡೆಯಷ್ಟು ದೊಡ್ಡದು ಮಾಡಿ, ಹಿಂದಕ್ಕೆ ಮುಂದಕ್ಕೆ ಓಡಿಸಿ ತೋರಿಸುತ್ತಾರೆ. ಆವತ್ತು ನಾನು ಫೋಲ್ಡರ್ ಅದಲುಬದಲು ಮಾಡಿದ್ದೆ. ತಂಡದ ಮ್ಯಾನೇಜರ್ ಮಿಸ್ ಯೂನಿಸ್ ಒಬ್ಬರೇ ನೋಡಬೇಕಾಗಿದ್ದ ಎರಡು ನಿಮಿಷದ ತುಣುಕು ಗೋಡೆಯ ಮೇಲೆ ಬಂತು. ಮೇಲೆ ನಾನೇ ಕೊಟ್ಟ ಹೆಸರು: ‘ಗಿಲ್ಯಾರ್ಡ್, ಎಡಗಾಲು’. ಒಂದು ತಿಂಗಳಲ್ಲಿ ಅವನು ಎಡಗಾಲು ಊರಿ ನೆಗೆಯಬೇಕಾದ ಕಡೆ ನೆಗೆಯದೆ ಚೆಂಡನ್ನು ಇನ್ನೊಬ್ಬನಿಗೆ ದಾಟಿಸಿದ ಇಪ್ಪತ್ತಮೂರು ಗಳಿಗೆಗಳು, ಸಾಲಾಗಿ.

ಸತ್ಯ ಹೇಳಿದ್ದಕ್ಕೆ ನನಗೆ ಬೈಗುಳ. (ಇಲ್ಲಿ ಮೇಜು ಗುದ್ದಿದ ಒಂದು ಪ್ಯಾರಾ ಇತ್ತು. ಕಾಲೇಜು ಸರ್ಟಿಫಿಕೇಟು ಇಟ್ಟುಕೊಂಡ ನಾಲ್ವರು ಕೋಚ್‌ಗಳಿಗೆ ಕಾಣದ್ದು ನನಗೆ ಕಂಡಿತು ಎಂದು ಎಂಟು ಸಲ ಬರೆದಿದ್ದೆ. ತೆಗೆದೆ. ಒಂದು ಸಲ ಸಾಕು.)

೨, ಮತ್ತೊಮ್ಮೆ

ಈ ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಗೊತ್ತಿದ್ದವರು ಎದ್ದುಹೋಗಿ ನೀರು ಕುಡಿದು ಬನ್ನಿ.

ನಮ್ಮ ಲೀಗಿನಲ್ಲಿ ಸೋತವರಿಗೊಂದು ಸಮಾಧಾನವಿದೆ. ವರ್ಷದ ಕೊನೆಗೆ ಹೊಸ ಹುಡುಗರು ಬಂದಾಗ, ಹೆಚ್ಚು ಸೋತ ತಂಡಗಳಿಗೆ ಮೊದಲು ಆರಿಸುವ ಸರದಿ. ಆ ಸರದಿಯನ್ನೂ ಮಾರಬಹುದು. ಈ ವರ್ಷದ್ದಲ್ಲದೆ ಮುಂದಿನದನ್ನೂ, ಆರು ವರ್ಷದಾಚೆಯದನ್ನೂ. ಅಂದರೆ ಈಗ ಯಾವುದೋ ಊರಿನಲ್ಲಿ ಏಳನೇ ಕ್ಲಾಸಿನ ಲೆಕ್ಕಕ್ಕೆ ತಲೆ ಕೆರೆದುಕೊಳ್ಳುತ್ತಿರುವ ಒಬ್ಬನನ್ನು, ಹೆಸರೂ ಮುಖವೂ ಗೊತ್ತಿಲ್ಲದೆ, ಕಟ್ಟುಮಸ್ತಾದ ಆಟಗಾರನೊಬ್ಬನಿಗೆ ಬದಲಾಗಿ ತಗೊಳ್ಳಬಹುದು. ಹುಚ್ಚು ಅನ್ನಿಸುತ್ತದಲ್ಲ? ಇಡೀ ಲೀಗು ನಿಂತಿರುವುದೇ ಇದರ ಮೇಲೆ.

ಫೆಬ್ರವರಿಯ ಒಂದು ಗುರುವಾರ ಮಧ್ಯಾಹ್ನ ಮೂರಕ್ಕೆ ಕೊಡುಕೊಳ್ಳುವ ಬಾಗಿಲು ಮುಚ್ಚುತ್ತದೆ. ಆಲ್ಬುಕರ್ಕಿ ಕಾಂಡರ್ಸ್‌ನವರು ಗಿಲ್ಯಾರ್ಡ್‌ನನ್ನು ಕೇಳಿದ್ದರು. ಬದಲಿಗೆ ಇಬ್ಬರು ಆಟಗಾರರು ಮತ್ತು ಆರು ವರ್ಷದಾಚೆಯ ತಮ್ಮ ಸರದಿ. ನಮ್ಮದು ಮುಳುಗುತ್ತಿರುವ ತಂಡ. ಗಿಲ್ಯಾರ್ಡ್‌ನ ಕರಾರು ಆ ಬೇಸಿಗೆಗೇ ಮುಗಿಯುತ್ತಿತ್ತು, ಮುಗಿದರೆ ಅವನು ಎಲ್ಲಿಗೆ ಬೇಕಾದರೂ ಹೋಗಬಹುದು, ನಮಗೆ ಮೂರು ಕಾಸೂ ಸಿಗುವುದಿಲ್ಲ. ಆದರೆ ಅದೇ ಕರಾರಿನಲ್ಲಿ ಇನ್ನೊಂದು ಸಾಲೂ ಇತ್ತು: ಅವನ ಸಹಿ ಇಲ್ಲದೆ ಅವನನ್ನು ಬೇರೆ ತಂಡಕ್ಕೆ ಕೊಡುವಂತಿಲ್ಲ.

ತಂಡದ ಮುಂದಿನ ಹತ್ತು ವರ್ಷ, ನನಗೆ ಬಯ್ದವನ ಪೆನ್ನಿನ ತುದಿಯಲ್ಲಿ.

೪

(ಮೂರು ಬಿಟ್ಟುಹೋಗಿಲ್ಲ. ಬಿಸಾಡಿದ್ದೇನೆ. ಅದರಲ್ಲಿ ಗಿಲ್ಯಾರ್ಡ್ ಕಾಗದವನ್ನು ಪರಪರ ಹರಿದು, “ನಾನೇ ಟೊಲಿಡೊ!” ಎಂದು ಕೂಗಿ, ತಂಡವನ್ನು ಹಾಳು ಮಾಡುತ್ತಿದ್ದ. ಬರೆಯುವಾಗ ಬಹಳ ಖುಷಿಯಾಗಿತ್ತು. ಅಷ್ಟರಲ್ಲಿ ಅವನು ಕಥೆಯೊಳಗಿಂದ ತಲೆ ಹಾಕಿದ.)

“ಲೋ ಮರಿ, ನಾನು ಯಾವತ್ತೋ ಕಾಗದ ಹರಿದಿದ್ದು?”

“ಹರೀಲಿಲ್ಲ. ಹರಿಯೋ ಥರದೋನು ನೀನು.”

“ಥರ ಗಿರ ಬೇಡ. ನಡೆದಿದ್ದು ಬರಿ. ಬಯ್ದಿದ್ದೀನಿ, ಅದು ಇರ್ಲಿ. ತೆಗೀಬೇಡ.”

“ಮಾಫಿ ಕೇಳಿದೆ ಅಂತ ಒಂದು ಸಾಲು ಸೇರಿಸ್ಲಾ?”

“ನಾನೆಲ್ಲಿ ಕೇಳ್ದೆ?”

ಕೇಳಿರಲಿಲ್ಲ. ಸರಿ. ನಡೆದದ್ದನ್ನೇ ಬರೆಯುತ್ತೇನೆ.

೫

ಗುರುವಾರ ಮಧ್ಯಾಹ್ನ ಎರಡು ಗಂಟೆ. ಮಿಸ್ ಯೂನಿಸ್ ಅವರ ಕೋಣೆ. ಅವರು ಮೇಜಿನಾಚೆ, ಗಿಲ್ಯಾರ್ಡ್ ಸೋಫಾದಲ್ಲಿ, ನಾನು ಲ್ಯಾಪ್‌ಟಾಪ್ ಹಿಡಿದು ಗೋಡೆಗೆ ಒರಗಿಕೊಂಡು. ನನ್ನನ್ನು ಯಾಕೆ ಕರೆದಿದ್ದಾರೆಂದು ಗೊತ್ತಿರಲಿಲ್ಲ.

“ಆ ತುಣುಕು ಹಾಕು,” ಅಂದ ಗಿಲ್ಯಾರ್ಡ್. ಕರೆಸಿದ್ದು ಅವನೇ.

ಹಾಕಿದೆ. ನೋಡಿದ. “ಇನ್ನೊಂದ್ಸಲ.” ನಾಲ್ಕು ಸಲ ನೋಡಿದ. ಈಗ ಇಲ್ಲಿ ನಗಲು ಯಾರೂ ಇಲ್ಲವಲ್ಲ, ಬಯ್ಯಿ ನೋಡೋಣ ಎಂದು ನಾನು ಮನಸ್ಸಿನಲ್ಲೇ ತೋಳೇರಿಸುತ್ತಿದ್ದೆ.

“ಇಪ್ಪತ್ಮೂರಲ್ಲ, ಇಪ್ಪತ್ನಾಲ್ಕು,” ಅಂದ. “ಭಾನುವಾರದ ಮ್ಯಾಚಲ್ಲಿ ಒಂದು ಬಿಟ್ಟಿದ್ದೀಯ. ಮೂರನೇ ಕ್ವಾರ್ಟರ್, ಎಡಮೂಲೆ.”

(ಆಮೇಲೆ ಹೋಗಿ ನೋಡಿದೆ. ಇತ್ತು.)

“ಕಾಗದ ಕೊಡಿ, ಮಿಸ್ ಯೂನಿಸ್.”

ಅವರು ಕೊಟ್ಟರು, ಪೆನ್ನನ್ನೂ ಕೊಟ್ಟರು. ಅವನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಓದತೊಡಗಿದ. ನಮ್ಮ ಆಟಗಾರರು ಕಾಗದ ಓದುವುದಿಲ್ಲ, ಏಜೆಂಟು ಓದುತ್ತಾನೆ. ಇವನು ಬೆರಳಿಟ್ಟು ಓದಿದ. ಬೆರಳು ಕೆಳಗೆ ಬಂದು ನಿಂತಿತು.

“ಇದೇನಿದು, ಸಣ್ಣಕ್ಷರ?”

“ಕಾವಲು ಷರತ್ತು,” ಅಂದರು ಮಿಸ್ ಯೂನಿಸ್. “ಆ ವರ್ಷ ಅವರ ಸರದಿ ಮೊದಲ ನಾಲ್ಕರೊಳಗೆ ಬಿದ್ರೆ ಅದು ಅವರ ಹತ್ರಾನೇ ಉಳಿಯುತ್ತೆ. ನಮಗೆ ಬರೋದು ಎರಡನೇ ಸುತ್ತಿನದು.”

“ಅಂದ್ರೆ ಒಳ್ಳೇದು ಬಂದ್ರೆ ಅವರಿಗೆ, ಜೊಳ್ಳು ಬಂದ್ರೆ ನಮಗೆ.”

“ಎಲ್ರೂ ಹಾಕ್ತಾರಪ್ಪ ಲಮಾಂಟ್. ರೂಢಿ ಅದು.”

“ಹಂಗಾದ್ರೆ ನಾನು ಸೈನ್ ಹಾಕಲ್ಲ.”

ನನಗೆ ತಡೆಯಲಾಗಲಿಲ್ಲ. “ಹೋಗೋಕೆ ಮನಸ್ಸಿಲ್ಲ ಅಂತ ನೇರವಾಗಿ ಹೇಳು, ಕ್ಯಾಪ್ಟನ್. ಸಣ್ಣಕ್ಷರದ ಹಿಂದೆ ಯಾಕೆ ಬಚ್ಚಿಟ್ಕೋತೀಯ?”

ಮಿಸ್ ಯೂನಿಸ್ ಕಣ್ಣು ಮುಚ್ಚಿಕೊಂಡರು. ಗಿಲ್ಯಾರ್ಡ್ ನನ್ನತ್ತ ತಿರುಗಿದ.

“ಹೋಗೋಕೆ ಮನಸ್ಸಿಲ್ಲ. ಹೇಳ್ದೆ, ನೇರವಾಗೇ. ನನ್ನ ಮಗಳು ಇದೇ ಊರಲ್ಲಿ ಸ್ಕೂಲಿಗೆ ಹೋಗ್ತಾಳೆ. ಈಗ ಸುಮ್ನಿರ್ತೀಯಾ?” ಆಮೇಲೆ ಮಿಸ್ ಯೂನಿಸ್ ಕಡೆಗೆ: “ಹೋಗ್ತೀನಿ. ಆದ್ರೆ ಕಾಲುಬೆಲೆಗೆ ಹೋಗಲ್ಲ. ಅವರ ಮೂರು ಜನ ಒಳ್ಳೇ ಆಟಗಾರರಿಗೂ ಮೂವತ್ತು ದಾಟಿದೆ. ನನಗೆ ಮೂವತ್ಮೂರು. ಮುದುಕರನ್ನೆಲ್ಲ ಸೇರಿಸ್ಕೊಂಡು ಈಗ ಗೆಲ್ತಾರೆ. ಆರು ವರ್ಷ ಆದ್ಮೇಲೆ? ಮುಳುಗ್ತಾರೆ. ಅವರಿಗೂ ಗೊತ್ತು. ಅದಕ್ಕೇ ಈ ಸಣ್ಣಕ್ಷರ. ತೆಗೆಸಿ.”

“ಒಪ್ಪಲಿಲ್ಲ ಅಂದ್ರೆ ಎಲ್ಲಾ ಹೋಯ್ತು. ಬೇಸಿಗೆಗೆ ನೀನೂ ಇಲ್ಲ, ಸರದಿನೂ ಇಲ್ಲ.”

“ಫೋನ್ ಮಾಡಿ, ಮಿಸ್ ಯೂನಿಸ್.”

(ನಿಲ್ಲಿ. ತನ್ನನ್ನು ಕೊಟ್ಟುಬಿಡುತ್ತಿರುವ ಊರಿಗಾಗಿ ತನ್ನ ಬೆಲೆಯನ್ನು ತಾನೇ ಏರಿಸುತ್ತ ಕೂತವನನ್ನು ನಾನು ಹೇಗೆ ದ್ವೇಷಿಸಲಿ? ಕಥೆ ಶುರುಮಾಡುವಾಗ ಇವನು ಖಳನಾಯಕ. ಐದನೇ ಭಾಗಕ್ಕೇ ಕೈ ತಪ್ಪಿ ಹೋಗಿದ್ದಾನೆ. ಮೊದಲಿಂದ ಬರೆಯಬೇಕೋ ಏನೋ. ಬರೆಯುವುದಿಲ್ಲ.)

೬

ಎರಡು ನಲವತ್ತೊಂದು. ಆಲ್ಬುಕರ್ಕಿಯವರು ಆಗಲ್ಲ ಎಂದು ಫೋನ್ ಇಟ್ಟರು.

ಗಿಲ್ಯಾರ್ಡ್ ಮೇಜಿನ ಮೇಲಿದ್ದ ಮಿಸ್ ಯೂನಿಸ್ ಅವರ ಚಿಲ್ಲಿ ಡಾಗನ್ನು, ಸಾಸೇಜಿಟ್ಟ ಆ ಬನ್ನನ್ನು, ಕೇಳದೆಯೇ ಎತ್ತಿಕೊಂಡು ಅರ್ಧ ತಿಂದ. ಹನ್ನೊಂದು ವರ್ಷ ಕಟ್ಟಿದ್ದೆಲ್ಲ ಹತ್ತೊಂಬತ್ತು ನಿಮಿಷದಲ್ಲಿ ಗಾಳಿಗೆ ಹೋಗುವುದರಲ್ಲಿತ್ತು, ಇವನು ಮೂಲಂಗಿ ಇದ್ದಿದ್ದರೆ ಚೆನ್ನಾಗಿತ್ತು ಎನ್ನುವ ಮುಖದಲ್ಲಿ ಅಗಿಯುತ್ತಿದ್ದ.

(ಮಿಸ್ ಯೂನಿಸ್ ಇಲ್ಲಿ ತಕರಾರು ತೆಗೆದರು: “ಟೊಲಿಡೊದಲ್ಲಿ ಚಿಲ್ಲಿ ಡಾಗ್ ಜೊತೆ ಯಾರು ಮೂಲಂಗಿ ತಿಂತಾರೆ, ಟಿಬ್ಸ್? ಉಪ್ಪಿನಕಾಯಿ ಅಂತ ಬರಿ.” ಉಪ್ಪಿನಕಾಯಿ ಎಂದು ಓದಿಕೊಳ್ಳಿ.)

ಎರಡು ಐವತ್ತೆರಡು. ಫೋನ್ ಬಂತು. ಮಿಸ್ ಯೂನಿಸ್ ಕೇಳಿಸಿಕೊಂಡರು, ಫೋನಿನ ಮೇಲೆ ಕೈ ಮುಚ್ಚಿದರು.

“ಷರತ್ತು ತೆಗೀತಾರಂತೆ. ಆದ್ರೆ ಇಬ್ಬರಲ್ಲಿ ಒಬ್ಬನ್ನ ಕೊಡಲ್ವಂತೆ. ಮೆಲ್ವಿನ್ ಸ್ಟ್ರೌಡ್‌ನ.”

ಸ್ಟ್ರೌಡ್! ಮೂರು ವಾರ ಕೂತು ಸ್ಟ್ರೌಡ್‌ನ ಎಲ್ಲ ಆಟ ನೋಡಿ, ಇವನು ಬಂದರೆ ಮುಂದಿನ ವರ್ಷವೇ ನಾವು ಮೇಲೇಳುತ್ತೇವೆ ಎಂದು ಮೊದಲು ಹೇಳಿದ್ದು ನಾನು. ಅವನು ಬಂದಿದ್ದರೆ ಎಲ್ಲರೂ ಕೇಳುತ್ತಿದ್ದರು: ಇವನನ್ನು ಹುಡುಕಿದ್ದು ಯಾರು? ನನ್ನ ಹೆಸರು ಹೇಳಬೇಕಾಗುತ್ತಿತ್ತು. ಆರು ವರ್ಷದಾಚೆ ನನ್ನ ಹೆಸರು ಯಾರಿಗೆ ನೆನಪಿರುತ್ತದೆ?

“ಟಿಬ್ಸ್,” ಅಂದರು ಮಿಸ್ ಯೂನಿಸ್. “ಟೇಪು ನೋಡಿರೋನು ನೀನು. ಸ್ಟ್ರೌಡೋ, ಸರದಿಯೋ? ಬೇಗ.”

ಇಬ್ಬರೂ ನನ್ನನ್ನೇ ನೋಡಿದರು. ನನ್ನನ್ನು ಯಾರೂ ಯಾವತ್ತೂ ಏನನ್ನೂ ಹಾಗೆ ಕೇಳಿರಲಿಲ್ಲ. ಕೇಳಿದ ದಿನವೇ ನನ್ನ ಕೈಯಲ್ಲಿದ್ದುದನ್ನು ಬಿಡಬೇಕು.

“ಸ್ಟ್ರೌಡ್‌ನ ಬಿಡಿ,” ಅಂದೆ. “ಸರದಿ ತಗೊಳ್ಳಿ.”

ಗಿಲ್ಯಾರ್ಡ್ ಕಿವಿಯಿಂದ ಪೆನ್ನು ತೆಗೆದ. ಎರಡು ಐವತ್ತೇಳು.

೭

ಕೊನೆಗಳು ಬೇಕಾದವರಿಗೆ:

ಒಂದು. ಆ ಹುಡುಗ ಬರುತ್ತಾನೆ, ಟೊಲಿಡೊ ಕಪ್ ಗೆಲ್ಲುತ್ತದೆ, ಗಿಲ್ಯಾರ್ಡ್ ಮೇಲಿನ ಸಾಲಿನಲ್ಲಿ ಕೂತು ಅಳುತ್ತಾನೆ. (“ನಾನು ಅಳೋದಾ? ಅಳಿಸಿಹಾಕು,” ಎಂದ. ಅಳಿಸಿಲ್ಲ.)

ಇನ್ನೊಂದು. ಆಲ್ಬುಕರ್ಕಿ ಮುಳುಗುವುದೇ ಇಲ್ಲ. ನಮಗೆ ಎಲ್ಲರೂ ಆರಿಸಿ ಬಿಟ್ಟ ಮೇಲಿನ ಇಪ್ಪತ್ತೆಂಟನೇ ಸರದಿ ಸಿಗುತ್ತದೆ. ಅದರಲ್ಲಿ ಬಂದವನು ಎರಡು ವರ್ಷ ಆಟಕ್ಕಿಳಿಯದೆ ಬೆಂಚು ಕಾಯ್ದು ಮನೆಗೆ ಹೋಗುತ್ತಾನೆ.

ಮತ್ತೊಂದನ್ನು ನೀವೇ ಬರೆದುಕೊಳ್ಳಿ, ಎಲ್ಲ ನಾನೇ ಮಾಡಬೇಕಾ?

ನನಗೆ ಗೊತ್ತಿರುವುದಿಷ್ಟು. ಎರಡು ವರ್ಷ ಆಗಿದೆ. ಮೊದಲ ವರ್ಷ ಆಲ್ಬುಕರ್ಕಿ ಫೈನಲ್‌ವರೆಗೂ ಹೋಗಿ ಸೋತಿತು, ಈ ವರ್ಷ ಅವರ ಮುದುಕರು ಕುಂಟುತ್ತಿದ್ದಾರೆ. ನಾವು ಹೋದ ವರ್ಷ ಎಂಬತ್ತೆರಡರಲ್ಲಿ ಹತ್ತೊಂಬತ್ತು ಗೆದ್ದೆವು, ಈ ವರ್ಷ ಇಪ್ಪತ್ತೇಳು. ಬೆಳಿಗ್ಗೆ ಎದ್ದ ಕೂಡಲೇ ಮೊದಲು ನೋಡುವುದು ನಮ್ಮ ಸ್ಕೋರಲ್ಲ, ಆಲ್ಬುಕರ್ಕಿಯದು. ಅವರು ಸೋತ ದಿನ ಕಾಫಿ ಚೆನ್ನಾಗಿರುತ್ತದೆ.

ಶನಿವಾರಗಳಲ್ಲಿ ಮಿಸ್ ಯೂನಿಸ್ ನನ್ನನ್ನು ಹೈಸ್ಕೂಲುಗಳ ಜಿಮ್‌ಗಳಿಗೆ ಕಳಿಸುತ್ತಾರೆ. ಓದಲು ಕೂರದವನು ಈಗ ವಾರಕ್ಕೆ ಮೂರು ಸ್ಕೂಲಿನಲ್ಲಿ ಕೂರುತ್ತೇನೆ. ಹದಿನೈದರ ಹುಡುಗರು, ಮೈಯೆಲ್ಲ ಮೊಣಕೈ. ನೆಗೆಯುತ್ತಾರೆ, ಬೀಳುತ್ತಾರೆ, ಅಮ್ಮಂದಿರು ರೆಫರಿಗೆ ಬಯ್ಯುತ್ತಾರೆ. ಇವನಾ? ಅವನಾ? ಹಿಂದಿನ ಸಾಲಿನಲ್ಲಿ ಶೂ ಲೇಸು ಕಟ್ಟಿಕೊಳ್ಳುತ್ತಿರುವವನಾ? ನನ್ನ ಸಿಟ್ಟು ಎಲ್ಲೂ ಹೋಗಿಲ್ಲ. ಆದರೆ ಆ ಜಿಮ್‌ಗಳಲ್ಲಿ ಅದು ಸುಮ್ಮನೆ ಪಕ್ಕದಲ್ಲಿ ಕೂತು ಪಾಪ್‌ಕಾರ್ನ್ ತಿನ್ನುತ್ತದೆ.

೭ಕ್ಕೆ ಸೇರದ್ದು

ಆ ಗುರುವಾರ ಮೂರು ಹೊಡೆದ ಮೇಲಿನ ಮಾತು. ಹಿಂಬಾಗಿಲಲ್ಲಿ ವರದಿಗಾರರು ಮುತ್ತಿಕೊಂಡಿದ್ದರು.

“ಗಿಲ್ಯಾರ್ಡ್, ನೀವಾಗೇ ಹೋದ್ರಾ, ಕಳಿಸಿದ್ರಾ?”

“ಈ ಡೀಲಿನಿಂದ ಟೊಲಿಡೊಗೆ ಏನು ಸಿಕ್ತು? ಒಬ್ಬನೇ ಆಟಗಾರ ಅಂತಲ್ಲ!”

ಅವನು ಬ್ಯಾಗು ಹೆಗಲಿಗೇರಿಸಿ ಅವರ ನಡುವೆ ದಾರಿ ಮಾಡಿಕೊಂಡು ಹೊರಗೆ ಬಂದ. ನಾನು ಕೋಟೂ ಹಾಕಿಕೊಳ್ಳದೆ ಹಿಂದೆಯೇ ಓಡಿದೆ.

“ಕ್ಯಾಪ್ಟನ್! ಆರು ವರ್ಷ ಆದ್ಮೇಲೆ ಒಬ್ಬ ಒಳ್ಳೇ ಹುಡುಗ ಬರ್ತಾನೆ ಅಂತ ನಿಜವಾಗ್ಲೂ ನಂಬ್ತೀಯಾ?”

ಅವನು ನಿಂತ. ನನ್ನನ್ನು ನೋಡಿದ, ಬಾಯಿ ತೆರೆದ. ಇದೇ ಜಾಗದಲ್ಲಿ ಅವನ ಬಾಯಿಗೆ ನಾನು ಮೂರು ಉತ್ತರ ಬರೆದು ನೋಡಿದ್ದೇನೆ, ಮೂರೂ ಒಳ್ಳೆಯವೇ. ಅವನು ಒಂದನ್ನೂ ತೆಗೆದುಕೊಳ್ಳಲಿಲ್ಲ. ಕೈಗವಸು ಹಾಕಿಕೊಂಡು, ಹಿಮ ಬಿದ್ದ ಪಾರ್ಕಿಂಗನ್ನು ದಾಟಿ ನಡೆದುಹೋದ.